ಜ್ವರ ಬಿಟ್ಟರೂ ಮಂಕು ಬಿಡದಿದ್ದಾಗ: ಕೆಲಸಕ್ಕೆ ಮರಳಿದವರ ಜೊತೆ ನಿಲ್ಲುವುದು ಹೇಗೆ?

ನಮ್ಮ ಪೇರೋಲ್ ತಂಡದಲ್ಲಿ ಹನ್ನೊಂದು ವರ್ಷ ಅನುಭವ ಇದ್ದ ಒಬ್ಬರಿದ್ದರು. ಸಂಬಳದ ಶೀಟಿನ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಎಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸುತ್ತಿದ್ದರು. 2022ರ ಜನವರಿಯ ಅಲೆಯಲ್ಲಿ ಅವರಿಗೆ ಕೋವಿಡ್ ಬಂತು. ಆಸ್ಪತ್ರೆ ಸೇರುವಷ್ಟೇನೂ ಜೋರಾಗಲಿಲ್ಲ. ಮೂರು ವಾರ ಮನೆಯಲ್ಲಿದ್ದು ವಾಪಸ್ ಬಂದರು.

ಬಂದ ಮೇಲೆ ಒಂದು ದಿನ ನೋಡಿದೆ. ಅವರು ಶೀಟನ್ನು ಪ್ರಿಂಟ್ ತೆಗೆದು, ಪ್ರತಿ ಸಾಲಿನ ಕೆಳಗೆ ಸ್ಟೀಲ್ ಸ್ಕೇಲ್ ಇಟ್ಟುಕೊಂಡು ಓದುತ್ತಿದ್ದರು. ಸ್ಕೇಲ್ ಕೆಳಗೆ ಸರಿಸುವುದು, ಓದುವುದು, ಮತ್ತೆ ಅದೇ ಸಾಲಿಗೆ ಮೇಲಕ್ಕೆ ತರುವುದು. ಒಂದೇ ಸಾಲು ಮೂರು ಸಲ. ನಾನು ಅದನ್ನು ಜಾಗ್ರತೆ ಅಂದುಕೊಂಡೆ. ಆಮೇಲೆ ಒಂದು ಸೋಮವಾರ ಅವರು ಲವಲವಿಕೆಯಿಂದ ಇದ್ದದ್ದು ನೋಡಿ, ಕೆಲಸ ಬಿಟ್ಟುಹೋದ ಹದಿನೆಂಟು ಜನರ ಫೈನಲ್ ಸೆಟಲ್‌ಮೆಂಟ್ ಅವರ ಕೈಗೆ ಕೊಟ್ಟೆ. ಸೋಮವಾರ, ಮಂಗಳವಾರ ಕೂತು ಮುಗಿಸಿಯೇಬಿಟ್ಟರು. ಗುರುವಾರ ಬರಲಿಲ್ಲ. ಶುಕ್ರವಾರವೂ ಇಲ್ಲ. ಫೋನ್ ಮಾಡಿದರೆ, "ಹಾಸಿಗೆಯಿಂದ ಏಳೋಕೆ ಆಗ್ತಿಲ್ಲ, ಮಾತೂ ಸರಿಯಾಗಿ ಬರ್ತಿಲ್ಲ" ಅಂದರು.

ಬೇರೆ ಏನೋ ಹುಷಾರಿಲ್ಲ ಅಂದುಕೊಂಡು ಸುಮ್ಮನಾದೆ. ಇನ್ನೊಂದು ಸಲ ಹಾಗೇ ಆದಾಗಲೇ ನಾನು ಕ್ಯಾಲೆಂಡರ್ ತೆಗೆದು ನೋಡಿದ್ದು. ಎರಡು ಸಲವೂ ತಲೆಗೆ ಭಾರಿ ಕೆಲಸ ಬಿದ್ದ ಒಂದೆರಡು ದಿನಕ್ಕೆ ಸರಿಯಾಗಿ ಅವರು ಕುಸಿದಿದ್ದರು. ತಪ್ಪು ನನ್ನದಾಗಿತ್ತು. ಅವತ್ತಿನಿಂದ ನಾನು ಹಿಡಿದುಕೊಂಡ ಲೆಕ್ಕ ಒಂದೇ: ಇವತ್ತು ಎಷ್ಟು ಕೆಲಸ ಮಾಡಿದರು ಅನ್ನುವುದನ್ನು ಇವತ್ತೇ ಅಳೆಯಬಾರದು, ನಾಳೆ, ನಾಡಿದ್ದು ಅವರು ಹೇಗಿದ್ದಾರೆ ಅಂತ ನೋಡಿ ಅಳೆಯಬೇಕು. ಈ ಬರಹದಲ್ಲಿ ಮುಂದೆ ಬರುವ ಹೆಜ್ಜೆಗಳೆಲ್ಲ ಆ ಲೆಕ್ಕದಿಂದಲೇ ಹುಟ್ಟಿದ್ದು. ತಂಡ ನಡೆಸುವವರು, ಎಚ್‌ಆರ್‌ನವರು, ಸಣ್ಣ ಅಂಗಡಿ ಅಥವಾ ವರ್ಕ್‌ಶಾಪ್ ಇಟ್ಟುಕೊಂಡವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು, ಇದೇನು ಅಂತ ತಿಳಿದುಕೊಳ್ಳಿ

ಬ್ರೇನ್ ಫಾಗ್ ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ನಮ್ಮ ಮಾತಿನಲ್ಲಿ 'ತಲೆ ಮಂಕಾಗಿದೆ', 'ತಲೆ ಓಡ್ತಿಲ್ಲ' ಅನ್ನುತ್ತೇವೆ. ಕೋವಿಡ್ ಬಂದುಹೋದ ಮೇಲೂ ಬಿಡದೆ ಕಾಡುವ ತೊಂದರೆಗಳಿಗೆ ಲಾಂಗ್ ಕೋವಿಡ್ ಅನ್ನುತ್ತಾರೆ, ಈ ಮಂಕು ಅವುಗಳಲ್ಲೊಂದು. ಆ ಹೆಸರು ಕೊಟ್ಟದ್ದು ವೈದ್ಯರಲ್ಲ. 2020ರಲ್ಲಿ ಕಾಯಿಲೆ ಅನುಭವಿಸಿದವರೇ ಆ ಹೆಸರನ್ನು ಬಳಕೆಗೆ ತಂದರು. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟಿತು. ಸೋಂಕು ತಗುಲಿದ ಸುಮಾರು ಮೂರು ತಿಂಗಳ ಹೊತ್ತಿಗೆ ಇರುವ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ಕಾಯಿಲೆಯಿಂದ ಬಂದದ್ದಲ್ಲದ ತೊಂದರೆ ಅಂತ ಅದರ ಸಾರ. ಸುಸ್ತು, ಏದುಸಿರು, ಯೋಚಿಸುವ ಶಕ್ತಿ ಕುಂದುವುದು, ಈ ಮೂರನ್ನು ಮುಖ್ಯ ಲಕ್ಷಣಗಳಾಗಿ ಅದರಲ್ಲಿ ಹೆಸರಿಸಿದ್ದಾರೆ. ಜ್ವರ ಹಗುರವಾಗಿ ಬಂದುಹೋದವರಿಗೂ ಇದು ಬರುತ್ತದೆ. "ನಿಮಗೆ ಬಂದಿದ್ದು ಮೈಲ್ಡ್ ತಾನೇ?" ಅಂತ ಕೇಳುವುದರಲ್ಲಿ ಅರ್ಥವಿಲ್ಲ.

ಕೋವಿಡ್ ಒಂದೇ ಕಾರಣ ಅಂತಲೂ ಅಲ್ಲ. ಫ್ಲೂ, ಡೆಂಗಿ, ಚಿಕೂನ್‌ಗುನ್ಯಾ ಬಂದು ಹೋದ ಮೇಲೂ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಸುಸ್ತು ಉಳಿಯುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಪತ್ತೆಯಾದ ಮಂಗನ ಕಾಯಿಲೆಯ ಚೇತರಿಕೆ ಎಷ್ಟು ನಿಧಾನ ಅಂತ ಮಲೆನಾಡಿನವರಿಗೆ ಗೊತ್ತು. ಜ್ವರ ಬಿಟ್ಟ ಮೇಲೂ ಗಂಜಿ ಕುಡಿಸಿ ನಾಲ್ಕು ದಿನ ಮಲಗಿಸುತ್ತಿದ್ದ ಹಿರಿಯರಿಗೆ ಇದರ ಅರಿವು ಇತ್ತು. ಕೆಲಸದ ಜಾಗಗಳಲ್ಲಿ ನಾವು ಅದನ್ನು ಮರೆತಿದ್ದೇವೆ.

ಕೆಲಸದಲ್ಲಿ ಇದು ಹೀಗೆ ಕಾಣಿಸುತ್ತದೆ. ಗೊತ್ತಿರುವ ಪದ ಬಾಯಿಗೆ ಬರುವುದಿಲ್ಲ. ನಮ್ಮವರು ಒಮ್ಮೆ ಬೀಗ ಅನ್ನುವ ಪದ ಸಿಗದೆ, "ಅದೇ, ಬಾಗಿಲಿಗೆ ಹಾಕ್ತೀವಲ್ಲ, ಅದು" ಅಂತ ಕೈಯಲ್ಲಿ ತಿರುಗಿಸಿ ತೋರಿಸಿದ್ದರು. 3847 ಅನ್ನುವುದು ಟೈಪ್ ಮಾಡುವಾಗ 3487 ಆಗುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಎಳೆ ತಪ್ಪುತ್ತದೆ. ಒಂದು ಕೆಲಸದ ಮಧ್ಯೆ ಫೋನ್ ಬಂದರೆ ವಾಪಸ್ ಬರುವಷ್ಟರಲ್ಲಿ ಏನು ಮಾಡುತ್ತಿದ್ದೆ ಅನ್ನುವುದೇ ಮರೆತುಹೋಗಿರುತ್ತದೆ. ಬುದ್ಧಿ, ಅನುಭವ ಎಲ್ಲಿಗೂ ಹೋಗಿರುವುದಿಲ್ಲ. ಅದನ್ನು ಬಳಸುವ ತ್ರಾಣ ಬೇಗ ಬತ್ತುತ್ತದೆ. ಸಣ್ಣ ನೆನಪಿನ ಪರೀಕ್ಷೆ ಮಾಡಿದರೆ, ಸ್ಕ್ಯಾನ್ ತೆಗೆದರೆ ಎಷ್ಟೋ ಸಲ ಎಲ್ಲ ನಾರ್ಮಲ್ ಅಂತಲೇ ಬರುತ್ತದೆ. ಹತ್ತು ನಿಮಿಷದ ಪರೀಕ್ಷೆ ಪಾಸಾಗುವುದು ಬೇರೆ, ಎಂಟು ಗಂಟೆ ಕೆಲಸ ಮಾಡುವುದು ಬೇರೆ, ಅಲ್ವಾ?

ಇದರ ಜೊತೆ ಇನ್ನೊಂದು ಸಂಗತಿ ಇದೆ. ದೇಹಕ್ಕೋ ತಲೆಗೋ ಶ್ರಮ ಹೆಚ್ಚಾದರೆ ಕೆಲವರು ಆ ಹೊತ್ತಿಗೆ ಚೆನ್ನಾಗೇ ಇರುತ್ತಾರೆ. ಸಾಮಾನ್ಯವಾಗಿ 12ರಿಂದ 48 ಗಂಟೆ ಕಳೆದ ಮೇಲೆ ಕುಸಿಯುತ್ತಾರೆ. ಅದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಎಳೆಯುತ್ತದೆ. ನಮ್ಮವರ ಗುರುವಾರ ಅಂಥದ್ದು. ನಿಮ್ಮ ಸಹೋದ್ಯೋಗಿಗೆ ಹೀಗೆ ಆಗುತ್ತಿದೆಯೋ ಇಲ್ಲವೋ ಅನ್ನುವುದು ಎಲ್ಲಕ್ಕಿಂತ ಮೊದಲು ಗೊತ್ತಾಗಬೇಕು. ಮುಂದಿನ ಇಡೀ ಯೋಜನೆ ಅದರ ಮೇಲೆ ನಿಲ್ಲುತ್ತದೆ.

ಹೆಜ್ಜೆ 1: ಮೊದಲ ಮಾತುಕತೆ

ಕಾರಿಡಾರ್‌ನಲ್ಲಿ ನಿಲ್ಲಿಸಿ ಮಾತಾಡಬೇಡಿ. ಬೆಳಗ್ಗೆ, ಸದ್ದಿಲ್ಲದ ಕೋಣೆಯಲ್ಲಿ, ಕೂತು, ಇಪ್ಪತ್ತು ನಿಮಿಷ ಸಾಕು. ಏನು ಕೇಳುತ್ತೀರಿ ಅಂತ ಹಿಂದಿನ ದಿನವೇ ಬರೆದು ಕಳಿಸಿ. ತಲೆ ಮಂಕಾದವರಿಗೆ ತಟ್ಟನೆ ಉತ್ತರ ಹೊಳೆಯುವುದಿಲ್ಲ. ಆಮೇಲೆ ಮನೆಗೆ ಹೋಗಿ, "ಅದನ್ನ ಹೇಳ್ಬೇಕಿತ್ತು" ಅಂತ ಒದ್ದಾಡುತ್ತಾರೆ.

ನಿಮ್ಮ ಕಾಯಿಲೆಯ ಹೆಸರೇನು ಅಂತ ಕೇಳಬೇಕಾಗಿಲ್ಲ. ಕೆಲಸದ ಬಗ್ಗೆ ಕೇಳಿ. "ದಿನದಲ್ಲಿ ಯಾವ ಹೊತ್ತಿಗೆ ತಲೆ ಚೆನ್ನಾಗಿ ಓಡುತ್ತೆ?" "ಯಾವ ಕೆಲಸ ಮಾಡಿದ ಮಾರನೇ ದಿನ ಜಾಸ್ತಿ ಕಷ್ಟ ಆಗುತ್ತೆ?" "ಈಗಿನ ಕೆಲಸದಲ್ಲಿ ಒಂದನ್ನು ತೆಗೆದುಬಿಡಬಹುದು ಅಂದರೆ ಯಾವುದು?" ಈ ಮೂರು ಪ್ರಶ್ನೆಗೆ ಸಿಗುವ ಉತ್ತರ ನಿಮಗೆ ಬೇಕಾದ ಬಹುಪಾಲು ವಿಷಯ ಹೇಳುತ್ತದೆ.

ಹೇಳಬಾರದ ಮಾತುಗಳೂ ಇವೆ. "ನೋಡೋಕೆ ಚೆನ್ನಾಗೇ ಇದ್ದೀರಲ್ಲ." "ನನಗೂ ಮರೆವು ಜಾಸ್ತಿಯಾಗಿದೆ, ವಯಸ್ಸಾಯ್ತಲ್ಲ." "ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊಳ್ಳಿ." ಒಳ್ಳೇ ಮನಸ್ಸಿನಿಂದಲೇ ಬರುವ ಮಾತುಗಳಿವು. ಆದರೆ ಕೇಳಿಸಿಕೊಂಡವರು ಇನ್ನೊಂದು ಸಲ ನಿಮ್ಮ ಹತ್ತಿರ ನಿಜ ಹೇಳುವುದಿಲ್ಲ. ಕಷ್ಟ ಮುಚ್ಚಿಟ್ಟು ಕೆಲಸ ಮಾಡುತ್ತಾರೆ, ಮಾಡಿ ಕುಸಿಯುತ್ತಾರೆ.

ಮಾತು ಮುಗಿದ ಮೇಲೆ ಏನು ಒಪ್ಪಿಕೊಂಡಿರಿ ಅನ್ನುವುದನ್ನು ನೀವೇ ನಾಲ್ಕು ಸಾಲಿನಲ್ಲಿ ಬರೆದು ಕಳಿಸಿ. ನೆನಪಿಡುವ ಭಾರ ಅವರ ಮೇಲೆ ಬೀಳದಿರಲಿ.

ಹೆಜ್ಜೆ 2: ವೈದ್ಯರ ಹತ್ತಿರ ಹೋಗಲು ಸಮಯ ಕೊಡಿ

ಕಾಯಿಲೆ ಏನು ಅಂತ ತೀರ್ಮಾನಿಸುವುದು ಮ್ಯಾನೇಜರ್ ಕೆಲಸ ಅಲ್ಲ. ಆದರೆ ರಜೆ ಕತ್ತರಿಸದೆ ವೈದ್ಯರನ್ನು ನೋಡಿ ಬರಲು ಬಿಡುವುದು ನಿಮ್ಮ ಕೈಯಲ್ಲಿದೆ. ಇದು ಬಹಳ ಮುಖ್ಯ. ಯಾಕೆಂದರೆ ತಲೆ ಮಂಕಾಗಲು ಬೇರೆ ಕಾರಣಗಳೂ ಇರುತ್ತವೆ, ಅವುಗಳಲ್ಲಿ ಎಷ್ಟೋ ಸುಲಭವಾಗಿ ವಾಸಿಯಾಗುವಂಥವು. ಬಿ12 ಕೊರತೆ ಸಸ್ಯಾಹಾರಿಗಳಲ್ಲಿ ತುಂಬಾ ಸಾಮಾನ್ಯ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ, ಖಿನ್ನತೆ, ಬೇರೆ ಕಾಯಿಲೆಗೆ ತಗೊಳ್ಳುತ್ತಿರುವ ಮಾತ್ರೆ, ಇವೆಲ್ಲವನ್ನೂ ವೈದ್ಯರು ನೋಡಬೇಕಾಗುತ್ತದೆ. ಕೆಲವರಿಗೆ ಎದ್ದು ನಿಂತರೆ ಸಾಕು, ಎದೆ ಬಡಿತ ಮೊದಲಿದ್ದದ್ದಕ್ಕಿಂತ ನಿಮಿಷಕ್ಕೆ 30 ಅಥವಾ ಅದಕ್ಕೂ ಜಾಸ್ತಿ ಏರಿ, ತಲೆ ಹಗುರಾಗಿ, ಯೋಚನೆಯೇ ನಿಂತುಹೋಗುತ್ತದೆ. ಅದಕ್ಕೆ ಪಾಟ್ಸ್ ಅನ್ನುತ್ತಾರೆ. ಅಂಥವರಿಗೆ ಕೂರಲು ಒಂದು ಸ್ಟೂಲ್ ಕೊಟ್ಟರೂ ದೊಡ್ಡ ಉಪಕಾರ.

ಒಂದು ಎಚ್ಚರ. ದಿಢೀರ್ ಅಂತ ಮಾತು ತೊದಲುವುದು, ಬಾಯಿ ಒಂದು ಕಡೆಗೆ ವಾಲುವುದು, ಒಂದು ಕೈ ಅಥವಾ ಕಾಲಿನ ಶಕ್ತಿ ಹೋಗುವುದು ಕಂಡರೆ ಅದನ್ನು ಮಂಕು ಅಂದುಕೊಂಡು ಕೂರಬೇಡಿ. ಪಾರ್ಶ್ವವಾಯು ಇರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ.

ವೈದ್ಯರಿಂದ ಪತ್ರ ಬೇಕಾದರೆ, ರೋಗದ ಹೆಸರಿಗಿಂತ ಕೆಲಸಕ್ಕೆ ಬೇಕಾದ ಮಾತು ಇರಲಿ ಅಂತ ಕೇಳಿಕೊಳ್ಳಲು ಹೇಳಿ: ದಿನಕ್ಕೆ ಎಷ್ಟು ಗಂಟೆ, ಯಾವ ಕೆಲಸ ಬೇಡ, ಮತ್ತೆ ಯಾವಾಗ ನೋಡುವುದು. ಆ ಪತ್ರ ಎಚ್‌ಆರ್ ಹತ್ತಿರ ಮಾತ್ರ ಇರಲಿ, ತಂಡದ ವಾಟ್ಸಾಪ್ ಗುಂಪಿಗೆ ಬರಬಾರದು. ಯೋಚನೆ, ನೆನಪಿನ ತೊಂದರೆ ತುಂಬಾ ಇದ್ದರೆ ವೈದ್ಯರು ನರರೋಗ ತಜ್ಞರ ಹತ್ತಿರವೋ ನ್ಯೂರೋಸೈಕಾಲಜಿಸ್ಟ್ ಹತ್ತಿರವೋ ಕಳಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ವಿಭಾಗ ಇದೆ. ಇಷ್ಟೆಲ್ಲದರ ಮಧ್ಯೆ ಮನಸ್ಸು ಕುಗ್ಗುವುದು ಸಹಜ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಂಬರ್ ಕೊಡುವಾಗ, "ಇದೆಲ್ಲ ಮನಸ್ಸಿನದ್ದು" ಅನ್ನುವ ಧ್ವನಿ ಬರದ ಹಾಗೆ ನೋಡಿಕೊಳ್ಳಿ.

ಹೆಜ್ಜೆ 3: ಎರಡು ವಾರದ ಪುಟ್ಟ ಡೈರಿ

ಒಂದು ಸಣ್ಣ ನೋಟ್‌ಬುಕ್. ದಿನಕ್ಕೆ ಮೂರೇ ಸಾಲು. ಇವತ್ತು ಮಾಡಿದ ದೊಡ್ಡ ಕೆಲಸಗಳು. ನಿದ್ದೆ ಹೇಗಿತ್ತು. ನಿನ್ನೆಗೆ ಹೋಲಿಸಿದರೆ ಇವತ್ತು ಬೆಳಗ್ಗೆ ಹೇಗಿದ್ದೇನೆ, ಹತ್ತಕ್ಕೆ ಎಷ್ಟು. ಇದಕ್ಕಿಂತ ಜಾಸ್ತಿ ಬರೆಯಲು ಹೇಳಿದರೆ ಅದೇ ಒಂದು ಕೆಲಸವಾಗುತ್ತದೆ.

ಡೈರಿ ಅವರದ್ದು. ನೀವು ಕೇಳಿ ನೋಡಬಾರದು. ಅವರಾಗಿಯೇ ತೋರಿಸಿದರೆ ನೋಡಿ. ನಮ್ಮವರ ಡೈರಿಯಲ್ಲಿ ನಾನು ಕನಸಲ್ಲೂ ಎಣಿಸದ ಸಂಗತಿ ಇತ್ತು. ದಿನನಿತ್ಯದ ಲೆಕ್ಕ ಮಾಡುವುದು ಅವರನ್ನು ಅಷ್ಟೇನೂ ದಣಿಸುತ್ತಿರಲಿಲ್ಲ. ತಿಂಗಳ ಕೊನೆಯಲ್ಲಿ ಬೇರೆ ಬೇರೆ ವಿಭಾಗದ ಮೂವತ್ತು, ನಲವತ್ತು ಜನ ಫೋನ್ ಮಾಡಿ, "ನನ್ನ ಓಟಿ ಬಂದಿಲ್ಲ", "ನನ್ನ ರಜೆ ತಪ್ಪಾಗಿದೆ" ಅನ್ನುತ್ತಾರಲ್ಲ, ಅದು ಅವರನ್ನು ಹಿಂಡುತ್ತಿತ್ತು. ಫೋನ್ ದಿನಗಳ ಮಾರನೇ ದಿನವೆಲ್ಲ ಹತ್ತಕ್ಕೆ ಎರಡು, ಮೂರು. ಸ್ಕೇಲ್ ಇಟ್ಟುಕೊಂಡು ಓದುತ್ತಿದ್ದದ್ದೂ ಫೋನ್‌ಗಳ ನಡುವೆ ಎಳೆ ತಪ್ಪದಿರಲಿ ಅಂತ. ನಾನು ಅವರಿಂದ ಲೆಕ್ಕ ಕಿತ್ತುಕೊಂಡು ಫೋನ್ ಕೆಲಸ ಕೊಡೋಣ, ಹಗುರಾಗುತ್ತೆ ಅಂತ ಅಂದುಕೊಂಡಿದ್ದೆ! ಕೇಳದೆ ಮಾಡಿದ ಉಪಕಾರ ಎಷ್ಟು ಅಪಾಯ ನೋಡಿ.

ಹೆಜ್ಜೆ 4: ಕೆಲಸವನ್ನೇ ಹೊಸದಾಗಿ ಜೋಡಿಸಿ

ಗಂಟೆಗಳಿಂದ ಶುರು ಮಾಡಿ. ಪೂರ್ತಿ ದಿನಕ್ಕೆ ಕರೆಸಿ "ಆದಷ್ಟು ಮಾಡಿ" ಅನ್ನಬೇಡಿ. 'ಆದಷ್ಟು' ಅಂದರೆ ಪ್ರಾಮಾಣಿಕ ಮನುಷ್ಯರು ಆಗದಷ್ಟು ಮಾಡುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಗಂಟೆ, ಬೇಕಾದರೆ ದಿನ ಬಿಟ್ಟು ದಿನ ಇಡಿ. ಅದರಲ್ಲಿ ಎರಡು ವಾರ ಕುಸಿಯದೆ ನಿಂತರೆ ಅರ್ಧ ಗಂಟೆಯೋ ಒಂದು ಗಂಟೆಯೋ ಸೇರಿಸಿ. ಗಂಟೆ ಮತ್ತು ಕೆಲಸದ ಕಷ್ಟ, ಎರಡನ್ನೂ ಒಂದೇ ವಾರ ಏರಿಸಬೇಡಿ. ಏನು ತಪ್ಪಿತು ಅಂತ ಆಮೇಲೆ ಗೊತ್ತಾಗುವುದಿಲ್ಲ. ಹಿಂದಿನ ಮೆಟ್ಟಿಲಿಗೆ ಇಳಿಯುವುದಕ್ಕೂ ಯೋಜನೆಯಲ್ಲೇ ಜಾಗ ಇರಲಿ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. "ದಿನಾ ಸ್ವಲ್ಪ ಜಾಸ್ತಿ ಮಾಡ್ತಾ ಹೋಗಿ, ಅಭ್ಯಾಸ ಆಗುತ್ತೆ" ಅನ್ನುವ ಸಲಹೆ ಶ್ರಮದ ಮೇಲೆ ಕುಸಿಯುವವರಿಗೆ ಒಗ್ಗುವುದಿಲ್ಲ. ಕಾಯಿಲೆ ಬಂದ ಮೇಲೆ ವರ್ಷಗಟ್ಟಲೆ ಕಾಡುವ ಎಂಇ ಅಥವಾ ಸಿಎಫ್‌ಎಸ್ ಅನ್ನುವ ದೀರ್ಘ ಸುಸ್ತಿನ ಕಾಯಿಲೆಗೆ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಹೊಸ ಮಾರ್ಗಸೂಚಿ ತಂದಿತು. ಹಿಂದೆ ತಾನೇ ಸೂಚಿಸುತ್ತಿದ್ದ, ನಿಗದಿಯಾಗಿ ಹಂತ ಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆಯನ್ನು ಕೊಡಬೇಡಿ ಅಂತ ಅದರಲ್ಲಿ ಹೇಳಿತು. ಅದೇ ಎಚ್ಚರಿಕೆ ಕೆಲಸಕ್ಕೂ ಸಲ್ಲುತ್ತದೆ. ಕ್ಯಾಲೆಂಡರ್ ನೋಡಿ ಏರಿಸಬೇಡಿ, ಮನುಷ್ಯರನ್ನು ನೋಡಿ ಏರಿಸಿ.

ಬಿಡುವು ದಣಿದ ಮೇಲೆ ಅಲ್ಲ, ದಣಿಯುವ ಮೊದಲು. 25 ನಿಮಿಷ ಕೆಲಸ, ಹತ್ತು ನಿಮಿಷ ಬಿಡುವು ಅಂತ ಶುರು ಮಾಡಿ ಅವರಿಗೆ ಹೊಂದುವ ಹಾಗೆ ಬದಲಿಸಿಕೊಳ್ಳಲಿ. ಬಿಡುವು ಅಂದರೆ ಫೋನ್ ಉಜ್ಜುವುದಲ್ಲ. ಕಣ್ಣು ಮುಚ್ಚಿ ಕೂರುವುದು, ಸಾಧ್ಯವಾದರೆ ಮಲಗುವುದು. ನಮ್ಮ ಆಫೀಸಿನಲ್ಲಿ ಹಳೇ ಫೈಲ್ ಇಡುವ ಒಂದು ಸಣ್ಣ ಕೋಣೆ ಇತ್ತು. ಅದನ್ನು ಖಾಲಿ ಮಾಡಿಸಿ, ಒಂದು ಮಂಚ ಹಾಕಿ, ಕಿಟಕಿಗೆ ದಪ್ಪ ಪರದೆ ಕಟ್ಟಿದೆವು. ಆಮೇಲೆ ಮೈಗ್ರೇನ್ ಇರುವವರು, ಮುಟ್ಟಿನ ನೋವಿನವರು ಎಲ್ಲರೂ ಬಳಸಿದರು.

ಒಂದು ಹೊತ್ತಿಗೆ ಒಂದೇ ಕೆಲಸ. ಮೇಲ್, ಚಾಟ್, ಫೋನ್, ಎದುರಿಗೆ ಬಂದು ನಿಲ್ಲುವವರು, ಈ ನಾಲ್ಕು ದಾರಿಯಲ್ಲಿ ಒಂದೇ ದಾರಿ ತೆರೆದಿಡಿ. ನಾವು ಮೇಲ್ ಒಂದೇ ಇಟ್ಟೆವು. ಬೆಳಗ್ಗೆ 11ಕ್ಕೆ, ಮಧ್ಯಾಹ್ನ 2ಕ್ಕೆ ನೋಡುತ್ತಾರೆ ಅಂತ ಎಲ್ಲರಿಗೂ ತಿಳಿಸಿದೆವು. ಆಕಾಶವೇನೂ ಬೀಳಲಿಲ್ಲ.

ಮೀಟಿಂಗ್ ಬಗ್ಗೆ: ಏನು ಮಾತಾಡುತ್ತೇವೆ ಅನ್ನುವುದು ಹಿಂದಿನ ದಿನ ಬರಹದಲ್ಲಿ ಬರಲಿ. ಅರ್ಧ ಗಂಟೆ ಮೀರದಿರಲಿ. ಕ್ಯಾಮೆರಾ ಆಫ್ ಮಾಡಲು, ಮಧ್ಯದಲ್ಲಿ ಎದ್ದುಹೋಗಲು ಅನುಮತಿ ಕೇಳಬೇಕಾಗಿ ಬರದಿರಲಿ. ಬಾಯಲ್ಲಿ ಹೇಳಿದ ಸೂಚನೆ ಬರಹದಲ್ಲೂ ಬರಲಿ. ದಿನಾ ಮಾಡುವ ಕೆಲಸಕ್ಕೂ ಚೆಕ್‌ಲಿಸ್ಟ್ ಇರಲಿ. ಹನ್ನೊಂದು ವರ್ಷ ಅನುಭವ ಇದ್ದವರಿಗೆ ಚೆಕ್‌ಲಿಸ್ಟ್ ಕೊಡುವುದು ಅವಮಾನ ಅನ್ನಿಸಬಹುದು. ಅದಕ್ಕೇ ನಾವು ತಂಡದ ಎಲ್ಲರಿಗೂ ಒಂದೇ ಚೆಕ್‌ಲಿಸ್ಟ್ ಮಾಡಿದೆವು, ಅದನ್ನು ಬರೆದವರು ಅವರೇ. ಅಂಕಿ ಅಂಶ ಇರುವಲ್ಲಿ ಇನ್ನೊಂದು ಕಣ್ಣು ಬೇಕೇ ಬೇಕು. ಬ್ಯಾಂಕಿನಲ್ಲಿ ಒಬ್ಬರು ಎಂಟ್ರಿ ಹಾಕಿದರೆ ಇನ್ನೊಬ್ಬರು ಪಾಸ್ ಮಾಡುವ ಮೇಕರ್-ಚೆಕರ್ ಪದ್ಧತಿ ಇದೆಯಲ್ಲ, ಅದೇ. ಅದರಿಂದ ತಪ್ಪಿನ ಭಯ ಕಡಿಮೆಯಾಗುತ್ತದೆ, ಭಯ ಕಡಿಮೆಯಾದರೆ ದಣಿವೂ ಕಡಿಮೆ.

ತಿಂಗಳ ಲಯ ಗಮನಿಸಿ. ಪೇರೋಲ್‌ನಲ್ಲಿ 7ಕ್ಕೆ ಟಿಡಿಎಸ್, 15ಕ್ಕೆ ಪಿಎಫ್ ಮತ್ತು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ), 20ಕ್ಕೆ ವೃತ್ತಿ ತೆರಿಗೆ ಕಟ್ಟಬೇಕು. ನಿಮ್ಮ ಕೆಲಸಕ್ಕೂ ಇಂಥ ತಾರೀಖುಗಳು ಇದ್ದೇ ಇರುತ್ತವೆ. ಅವುಗಳ ಹಿಂದಿನ ಎರಡು ದಿನ ಬೇರೆ ಏನೂ ಇಡಬೇಡಿ, ಮುಂದಿನ ಎರಡು ದಿನ ಖಾಲಿ ಬಿಡಿ. ಮುಂದಿನ ಆ ಎರಡು ದಿನವನ್ನೇ ಎಲ್ಲರೂ ಮರೆಯುವುದು.

ಓಡಾಟ ಕೂಡ ಕೆಲಸವೇ. ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ಬಸ್ಸಿನಲ್ಲಿ ನಿಂತು ಬಂದವರ ಆ ದಿನದ ತ್ರಾಣದಲ್ಲಿ ಅರ್ಧ ಲಾಗಿನ್ ಆಗುವ ಮೊದಲೇ ಮುಗಿದಿರುತ್ತದೆ. ಮನೆಯಿಂದ ಕೆಲಸ ಸಾಧ್ಯವಾದರೆ ಕೊಡಿ. ಆಗದಿದ್ದರೆ ರಷ್ ಇಲ್ಲದ ಹೊತ್ತಿಗೆ ಬಂದುಹೋಗಲಿ, ಆಫೀಸ್ ಕ್ಯಾಬ್ ಇದ್ದರೆ ಸೀಟು ಕೊಡಿ. ಮನೆಯಿಂದ ಕೆಲಸ ಎಲ್ಲರಿಗೂ ಸುಖ ಅಂತಲ್ಲ. ಪುಟ್ಟ ಮನೆ, ಮಕ್ಕಳ ಗಲಾಟೆ ಇರುವವರಿಗೆ ಆಫೀಸೇ ಶಾಂತ. ಕೇಳಿ.

ಕಂಪ್ಯೂಟರ್ ಮುಂದೆ ಕೂರದವರ ಮಾತು

ಈ ವಿಷಯದ ಬಗ್ಗೆ ಬರೆಯುವವರೆಲ್ಲ ಐಟಿಯವರನ್ನೇ ನೆನಪಿಟ್ಟುಕೊಂಡಿರುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುವ ಅಕ್ಕನಿಗೆ ಮಂಕು ಕವಿದರೆ? ಆಕೆ ಅರ್ಧ ನಿಮಿಷ ತಡೆದರೆ ಮುಂದಿನ ಮೆಷಿನ್ ಕಾಯುತ್ತದೆ, ಸೂಪರ್‌ವೈಸರ್ ಕೂಗುತ್ತಾನೆ. ಅಲ್ಲಿ ಮಾಡಬಹುದಾದದ್ದು ಇದೆ. ಆಕೆಯನ್ನು ಅಭ್ಯಾಸವಿರುವ ಒಂದೇ ಆಪರೇಷನ್‌ನಲ್ಲಿ, ಅಂದರೆ ಹೊಲಿಗೆಯ ಒಂದೇ ಹಂತದ ಕೆಲಸದಲ್ಲಿ ಉಳಿಸಿ, ದಿನಕ್ಕೊಂದು ಸ್ಟೈಲ್ ಬದಲಿಸಬೇಡಿ. ಗಂಟೆಗೊಮ್ಮೆ ಐದು ನಿಮಿಷ ಏಳಲು ಫ್ಲೋಟರ್, ಅಂದರೆ ಆ ಹೊತ್ತಿಗೆ ಆಕೆಯ ಮೆಷಿನ್‌ನಲ್ಲಿ ಕೂರುವ ಬದಲಿ ಕೆಲಸಗಾರರು ಇರಲಿ. ಆಕೆಯ ಗಂಟೆಯ ಟಾರ್ಗೆಟ್ ಇಳಿಸಿ, ಅದನ್ನು ಬೋರ್ಡಿನ ಮೇಲೆ ಬರೆಯಬೇಡಿ.

ಫೋರ್ಕ್‌ಲಿಫ್ಟ್, ಪ್ರೆಸ್ ಮೆಷಿನ್, ಎತ್ತರದ ಕೆಲಸ, ಬಸ್ಸು ಲಾರಿ ಓಡಿಸುವುದು, ಆಸ್ಪತ್ರೆಯಲ್ಲಿ ಔಷಧದ ಡೋಸ್ ಅಳೆಯುವುದು, ಇವುಗಳಲ್ಲಿ ಗಮನ ಒಂದು ಕ್ಷಣ ತಪ್ಪಿದರೂ ಜೀವ ಹೋಗುತ್ತದೆ. ವೈದ್ಯರು ಸರಿ ಅನ್ನುವ ತನಕ ಅಂಥವರಿಗೆ ಬೇರೆ ಕೆಲಸ ಕೊಡಿ, ಸಂಬಳ ಇಳಿಸದೆ. ಸಂಬಳ ಇಳಿಯುತ್ತದೆ ಅಂತ ಗೊತ್ತಾದರೆ ಡ್ರೈವರ್ ತನ್ನ ಮಂಕನ್ನು ಹೇಳುವುದೇ ಇಲ್ಲ. ನೈಟ್ ಶಿಫ್ಟ್ ಕೆಲವು ತಿಂಗಳು ಬೇಡ. ಶಾಲೆಯಲ್ಲಾದರೆ ಎರಡು ಪೀರಿಯಡ್‌ಗೆ ಒಂದು ಬಿಡುವು ಸಿಗುವ ಹಾಗೆ ಟೈಮ್‌ಟೇಬಲ್ ಹಾಕಿ, ರಜೆ ಹಾಕಿದ ಟೀಚರ್‌ಗಳ ತರಗತಿಯನ್ನು ಇವರಿಗೆ ಕೊಡಬೇಡಿ.

ಹೆಜ್ಜೆ 5: ರಜೆ, ಸಂಬಳ, ಕಾನೂನು

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಡಿ ವರ್ಷಕ್ಕೆ 12 ದಿನ ಸಂಬಳ ಸಹಿತ ಸಿಕ್ ಲೀವ್ ಇದೆ. ತಿಂಗಳುಗಟ್ಟಲೆ ಎಳೆಯುವ ಕಾಯಿಲೆಗೆ ಅದು ಎಲ್ಲಿ ಸಾಲುತ್ತದೆ? ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಇಎಸ್‌ಐ ಕಾರ್ಡುದಾರರಿಗೆ, ವಂತಿಗೆ ಕಟ್ಟಿದ ದಿನಗಳ ಷರತ್ತು ಪೂರೈಸಿದ್ದರೆ, ವರ್ಷಕ್ಕೆ 91 ದಿನದವರೆಗೆ ಕೂಲಿಯ 70 ಪರ್ಸೆಂಟ್ ಅನಾರೋಗ್ಯ ಭತ್ಯೆ ಸಿಗುತ್ತದೆ. ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಇರುವ ದಿನಗಳಿಗೆ ಮಾತ್ರ. ಕಾರ್ಡ್ ಇದ್ದೂ ಇದು ಗೊತ್ತಿಲ್ಲದೆ ಸಂಬಳ ಕಳೆದುಕೊಳ್ಳುವವರು ಎಷ್ಟೋ ಜನ. ದಯವಿಟ್ಟು ನೀವೇ ಕೂತು ಫಾರಂ ತುಂಬಿಸಿಕೊಡಿ. ತಲೆ ಮಂಕಾದವರಿಗೆ ಫಾರಂಗಿಂತ ದೊಡ್ಡ ಶತ್ರು ಇಲ್ಲ.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಲಾಂಗ್ ಕೋವಿಡ್ ಆ ಪಟ್ಟಿಯಲ್ಲಿ ಇಲ್ಲ. ಆದರೆ ಮನುಷ್ಯನಿಗೆ ತಕ್ಕ ಹಾಗೆ ಕೆಲಸವನ್ನು ಹೊಂದಿಸಬೇಕು ಅನ್ನುವ ತತ್ವ ಆ ಕಾಯ್ದೆಯಲ್ಲಿದೆ. ಕಾನೂನು ಕಟ್ಟಿಹಾಕದಿದ್ದರೂ ಅದನ್ನು ಪಾಲಿಸಲು ನಿಮಗೆ ಯಾರ ಅಡ್ಡಿಯೂ ಇಲ್ಲ. ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು: ಲಾಂಗ್ ಕೋವಿಡ್ ಅಲ್ಲಿನ ಅಂಗವಿಕಲರ ಕಾಯ್ದೆಯಡಿ ಬರಬಹುದು ಅಂತ 2021ರ ಜುಲೈನಲ್ಲೇ ಅಲ್ಲಿನ ಸರ್ಕಾರ ತಿಳಿಸಿದೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ, ದಿನನಿತ್ಯದ ಬದುಕಿಗೆ ದೊಡ್ಡ ತೊಡಕಾಗಿ 12 ತಿಂಗಳು ಇರುವ ಅಥವಾ ಇರಬಹುದಾದ ತೊಂದರೆಯನ್ನು ಪರಿಗಣಿಸುತ್ತಾರೆ. ಕೇಳಲು ಹಿಂಜರಿಯಬೇಡಿ.

ಗಂಟೆ ಕಡಿಮೆ ಮಾಡಿದಾಗ ಸಂಬಳ, ಬೋನಸ್, ಅಪ್ರೈಸಲ್ ಏನಾಗುತ್ತದೆ ಅನ್ನುವುದು ಮೊದಲ ದಿನವೇ ಬರಹದಲ್ಲಿ ಇರಲಿ. ಗಂಟೆ ಅರ್ಧ ಮಾಡಿ ಟಾರ್ಗೆಟ್ ಪೂರ್ತಿ ಇಟ್ಟರೆ ಅದು ಅನ್ಯಾಯ. ಕಾಯಿಲೆಯ ತಿಂಗಳುಗಳ ತಪ್ಪುಗಳನ್ನು ಲೆಕ್ಕ ಹಾಕಿ ಪಿಐಪಿಗೆ, ಅಂದರೆ ಗಡುವು ಕೊಟ್ಟು ಕೆಲಸ ಸುಧಾರಿಸಿಕೊಳ್ಳಿ ಅನ್ನುವ ಯೋಜನೆಗೆ ಹಾಕುವುದು ಇನ್ನೂ ದೊಡ್ಡ ಅನ್ಯಾಯ.

ಹೆಜ್ಜೆ 6: ತಂಡಕ್ಕೆ ಏನು ಹೇಳುವುದು

ಅವರನ್ನೇ ಕೇಳಿ, ಅವರು ಒಪ್ಪಿದಷ್ಟೇ ಹೇಳಿ. ನಾವು ಹೇಳಿದ್ದು ಇಷ್ಟೇ: "ಇವರು ಚೇತರಿಸಿಕೊಳ್ಳುತ್ತಿದ್ದಾರೆ. ಕೆಲವು ತಿಂಗಳು ಮಧ್ಯಾಹ್ನ 2ರವರೆಗೆ ಇರುತ್ತಾರೆ. ಫೋನ್ ಬೇಡ, ಮೇಲ್ ಮಾಡಿ."

ಉಳಿದ ಕೆಲಸ ಯಾರ ತಲೆಗೆ ಬೀಳುತ್ತದೆ? ಬಹಳ ಕಡೆ ಯೋಜನೆ ಮುರಿಯುವುದು ಇಲ್ಲೇ. ನಮ್ಮಲ್ಲಿ ಮೊದಲ ತಿಂಗಳು ಎಲ್ಲ ಫೋನ್‌ಗಳೂ ಒಬ್ಬ ಹುಡುಗನ ಮೇಲೆ ಬಿದ್ದವು. ಅವನು ಏನೂ ಅನ್ನಲಿಲ್ಲ. ಒಂದು ಸಂಜೆ ಏಳೂವರೆಗೆ ಅವನ ಡಬ್ಬಿ ಬಿಚ್ಚದೆ ಹಾಗೇ ಇದ್ದದ್ದು ಕಣ್ಣಿಗೆ ಬಿತ್ತು. ಅವನ ಕೋಪ ಬಾಯಿಗೆ ಬಂದಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಫೋನನ್ನು ಮೂವರಿಗೆ ಹಂಚಿದೆವು, ವಾರಕ್ಕೊಮ್ಮೆ ಮಾಡುತ್ತಿದ್ದ, ಯಾರೂ ಓದದ ಎರಡು ರಿಪೋರ್ಟುಗಳನ್ನು ನಿಲ್ಲಿಸಿಬಿಟ್ಟೆವು. ಕೆಲಸ ಹಂಚುವ ಮೊದಲು ಯಾವ ಕೆಲಸ ಬೇಕಾಗೇ ಇಲ್ಲ ಅಂತ ಹುಡುಕಿ.

ಹೊಸ ಸೋಂಕು ತಡೆಯುವುದೂ ತಂಡದ ಕೆಲಸವೇ. ಮತ್ತೊಂದು ವೈರಲ್ ಜ್ವರ ಬಂದರೆ ತಿಂಗಳುಗಳ ಚೇತರಿಕೆ ಹಿಂದಕ್ಕೆ ಹೋಗಬಹುದು. ಕೆಮ್ಮುವವರು ಮನೆಯಲ್ಲಿರಲಿ, ಕಿಟಕಿ ತೆರೆದಿರಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅಂದರೆ ಆಫೀಸ್ ಹೊತ್ತಿನಲ್ಲಿ. ಅದು ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ. ರಿಸೆಪ್ಶನ್‌ನ ಮನಿಪ್ಲಾಂಟ್ ಬಾಟಲಿ, ಕುಂಡದ ಕೆಳಗಿನ ತಟ್ಟೆ, ಎಸಿ ನೀರು ಬೀಳುವ ಬಕೆಟ್, ವಾರಕ್ಕೊಮ್ಮೆ ಚೆಲ್ಲಿ ಉಜ್ಜಿಸಿ.

ಹೆಜ್ಜೆ 7: ಎರಡು ವಾರಕ್ಕೊಮ್ಮೆ ಕೂತು ನೋಡಿ

ಹದಿನೈದು ನಿಮಿಷ, ಮೂರು ಪ್ರಶ್ನೆ. ಈ ಎರಡು ವಾರದಲ್ಲಿ ಎಷ್ಟು ದಿನ ಕುಸಿದಿರಿ? ಯಾವುದರ ನಂತರ? ಮುಂದಿನ ಎರಡು ವಾರ ಏನು ಬದಲಿಸೋಣ? 'ಹೇಗಿದ್ದೀರಿ' ಅಂತ ಕೇಳಿದರೆ 'ಪರವಾಗಿಲ್ಲ' ಅನ್ನುವ ಉತ್ತರವೇ ಬರುತ್ತದೆ. ದಿನ ಎಣಿಸಿ ಕೇಳಿದರೆ ನಿಜ ಗೊತ್ತಾಗುತ್ತದೆ.

ಕೆಲವರು ತಿಂಗಳುಗಳಲ್ಲಿ ಸರಿಹೋಗುತ್ತಾರೆ, ಕೆಲವರಿಗೆ ವರ್ಷಗಳು ಬೇಕು. ಹಳೇ ಮಟ್ಟಕ್ಕೆ ಪೂರ್ತಿ ಬರದವರೂ ಇದ್ದಾರೆ. ಆರೇಳು ತಿಂಗಳಾದರೂ ಒಂದೇ ಕಡೆ ನಿಂತಿದ್ದರೆ ಕೆಲಸವನ್ನೇ ಬದಲಿಸುವ ಮಾತು ಎತ್ತಿ. ಆ ಮಾತಿನಲ್ಲಿ ಅವರ ಅನುಭವಕ್ಕೆ ಬೆಲೆ ಇರಲಿ. ಹೊಸಬರಿಗೆ ಕಲಿಸುವುದು, ಪದ್ಧತಿಗಳನ್ನು ಬರೆದಿಡುವುದು, ಬೇರೆಯವರ ಕೆಲಸ ಪರಿಶೀಲಿಸುವುದು, ಇಂಥವು ಎಷ್ಟೋ ಕಡೆ ಯಾರೂ ಮಾಡದೆ ಉಳಿದಿರುತ್ತವೆ.

ನಮ್ಮವರು ಪೂರ್ತಿ ದಿನದ ಕೆಲಸಕ್ಕೆ ಮರಳಲು ಹದಿನಾಲ್ಕು ತಿಂಗಳು ಹಿಡಿಯಿತು. ಮಧ್ಯದಲ್ಲಿ ಎರಡು ಸಲ ಹಿಂದಿನ ಮೆಟ್ಟಿಲಿಗೆ ಇಳಿದರು. ಫೋನ್ ಕೆಲಸ ಮತ್ತೆ ಅವರ ಪಾಲಿಗೆ ಬರಲೇ ಇಲ್ಲ, ಅದು ಬೇಕು ಅಂತ ಯಾರಿಗೂ ಅನ್ನಿಸಲೂ ಇಲ್ಲ. ಸ್ಕೇಲ್ ಈಗಲೂ ಅವರ ಡ್ರಾಯರ್‌ನಲ್ಲಿದೆ, ಬೇಕಾದ ದಿನ ತೆಗೆಯುತ್ತಾರೆ. ನನ್ನ ಗೋಡೆಯ ಕ್ಯಾಲೆಂಡರ್‌ನಲ್ಲಿ ಪ್ರತಿ ತಿಂಗಳ 7, 15, 20ಕ್ಕೆ ಕೆಂಪು ಸುತ್ತು ಇದೆ. ಅವುಗಳ ಪಕ್ಕದ ಎರಡೆರಡು ಮನೆಗಳಲ್ಲಿ ಅವರೇ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಗೆರೆ ಎಳೆದಿದ್ದಾರೆ. ಆ ದಿನಗಳಲ್ಲಿ ನಾನು ಮೀಟಿಂಗ್ ಇಡುವುದಿಲ್ಲ.